ಕಾಫಿ ತೋಟದಲ್ಲಿ ಮಳೆ ತಪ್ಪಿದರೆ ಕೆಲಸ ಯಾರಿಗೆ ಜಾಸ್ತಿ?

ಪ್ರಶ್ನೆ: ಕಾಲಕ್ಕೆ ಸರಿಯಾಗಿ ಮಳೆ ಬಾರದಿದ್ದರೆ ತೋಟದವರಿಗೆಲ್ಲ ನಷ್ಟವೇ ಅಲ್ವಾ? ಅದರಲ್ಲೂ ಹೆಂಗಸರು, ಗಂಡಸರು ಅಂತ ಬೇರೆ ಮಾಡಿ ನೋಡೋದು ಯಾಕೆ?

ಉತ್ತರ: ಕೊಡಗಿನ ಕಾಫಿ ಕುಯ್ಲನ್ನೇ ತೆಗೆದುಕೊಳ್ಳಿ. ರೊಬಸ್ಟಾ ಜಾತಿಯ ಕಾಫಿಗೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ಒಂದು ಇಂಚಿನಷ್ಟು ಹೂಮಳೆ, ಅಂದರೆ ಹೂವು ಅರಳಿಸುವ ಮಳೆ ಬೇಕು. ಅದು ಒಂದೇ ಸಲ ಚೆನ್ನಾಗಿ ಬಂದರೆ ಹೂವು ಒಟ್ಟಿಗೆ ಅರಳುತ್ತದೆ, ಹಣ್ಣೂ ಹೆಚ್ಚುಕಡಿಮೆ ಒಟ್ಟಿಗೆ ಆಗುತ್ತದೆ. ಬಿಟ್ಟು ಬಿಟ್ಟು ಬಂದರೆ ಒಂದೇ ಗಿಡದಲ್ಲಿ ಹಣ್ಣು, ಅರೆಹಣ್ಣು, ಹಸಿಕಾಯಿ ಎಲ್ಲ ಇರುತ್ತವೆ. ಆಗ ಅದೇ ಗಿಡವನ್ನು ಎರಡು ಮೂರು ಸಲ ಕುಯ್ಯಬೇಕು. ಕುಯ್ಯುವವರಲ್ಲಿ ಹೆಂಗಸರೇ ಜಾಸ್ತಿ.

ಕುಯ್ಲಿನ ನಡುವೆಯೇ ಮಳೆ ಹೊಡೆದರೆ ಇನ್ನೂ ಕಷ್ಟ. 2021ರ ಜನವರಿಯಲ್ಲಿ ಹಾಗೇ ಆಯಿತು. ಹಣ್ಣು ಒಡೆದು ಉದುರಿತು, ಕಣದಲ್ಲಿ ಒಣಗಲು ಹಾಕಿದ್ದು ನೆನೆಯಿತು. ಮೋಡ ಕವಿದಾಗ ಕಣಕ್ಕೆ ಓಡಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಬೇಕು. ಬಿಸಿಲು ಬಂದರೆ ಮತ್ತೆ ಹರಡಬೇಕು. ಸಣ್ಣ ಹಿಡುವಳಿಗಳಲ್ಲಿ ಇದು ಸಾಮಾನ್ಯವಾಗಿ ಮನೆಯ ಹೆಂಗಸರ ಪಾಲಿಗೇ ಬರುತ್ತದೆ, ಅಡುಗೆ ಕೆಲಸದ ಜೊತೆಗೆ. ಇದಕ್ಕೆ ಯಾರೂ ಸಂಬಳ ಬರೆದಿಡುವುದಿಲ್ಲ.

ಇನ್ನು ಹೊಂದಿಕೊಳ್ಳುವ ದಾರಿಗಳು. ಬರೀ ಕಾಫಿ ನಂಬಬೇಡಿ, ಕಾಳುಮೆಣಸೂ ಬೆಳೆಯಿರಿ ಅನ್ನುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ಏಣಿ ಹತ್ತಿ ಮೆಣಸು ಕುಯ್ಯುವ ಕೆಲಸ ಗಂಡಸರದು, ಅದಕ್ಕೆ ಕೂಲಿಯೂ ಹೆಚ್ಚು. ಕೆಳಗೆ ಬಿದ್ದದ್ದು ಹೆಕ್ಕುವುದು ಹೆಂಗಸರಿಗೆ. ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಪಂಪು, ಪೈಪಿನ ಕೆಲಸವೂ ಗಂಡಸರದೇ. ಅಂದರೆ ಹೊಸದಾಗಿ ದುಡ್ಡು ಬರುವ ಕೆಲಸ ಒಂದು ಕಡೆ, ಹಳೆ ಕೆಲಸದ ಹೆಚ್ಚುವರಿ ಹೊರೆ ಇನ್ನೊಂದು ಕಡೆ.

ಕಾಗದದ ಮಾತೂ ಇದೆ. ಬೆಳೆನಷ್ಟದ ಪರಿಹಾರ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಜಮೀನಿನಲ್ಲಿ ಪಟ್ಟೇದಾರ, ಅಂದರೆ ಕಾಗದದಲ್ಲಿ ಹೆಸರಿರುವವನು, ರೂಢಿಯಲ್ಲಿ ಒಕ್ಕದ (ಕೂಡುಕುಟುಂಬದ) ಹಿರಿಯ ಗಂಡಸು. ತೋಟ ನೋಡಿಕೊಳ್ಳುವ ಸೊಸೆಯ ಹೆಸರು ಅಲ್ಲಿ ಇರುವುದು ಅಪರೂಪ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ಎರವ, ಕುರುಬ ಬುಡಕಟ್ಟುಗಳ ಹೆಂಗಸರಿಗಂತೂ ಪಹಣಿಯೇ ಇಲ್ಲ. ಮಳೆಯಿಂದ ಕೆಲಸ ನಿಂತ ದಿನ ಅವರ ಕೂಲಿ ಹೋಯಿತು, ಅಷ್ಟೇ.

ಹಾಗಾದರೆ ಏನು ಮಾಡಬಹುದು? ನನ್ನ ಕೇಳಿದರೆ ಉದುರು ಕಾಫಿಯಿಂದ, ಅಂದರೆ ನೆಲಕ್ಕೆ ಉದುರಿದ ಕಾಫಿ ಹೆಕ್ಕುವ ಕೂಲಿಯಿಂದ ಶುರು ಮಾಡಬೇಕು. ಎಲೆಕಸದ ನಡುವೆ ಒಂದೊಂದೇ ಕಾಳು ಹೆಕ್ಕುತ್ತಾ ಕೂತರೆ ದಿನಕ್ಕೆ ಎಷ್ಟು ಕೆಜಿ ಆದೀತು? ಕೆಜಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಮಳೆಯ ನಷ್ಟವನ್ನು ಹೆಕ್ಕುವವಳ ತಲೆಗೆ ಕಟ್ಟಿದ ಹಾಗೆ. ದಿನಗೂಲಿ ಕೊಡಬೇಕು. ಮಾಲೀಕರಿಗೆ ಇದು ದುಬಾರಿ ಅನ್ನಿಸಬಹುದು. ಆದರೆ ಹೆಕ್ಕದೆ ಬಿಟ್ಟ ಕಾಫಿಯಲ್ಲೇ ಕಾಯಿಕೊರಕ ಹುಳು ಉಳಿದುಕೊಂಡು ಮುಂದಿನ ವರ್ಷದ ಫಸಲಿಗೆ ಹತ್ತುತ್ತದೆ.