ಇಂಡಕ್ಟರ್ ಸ್ಯಾಚುರೇಶನ್: ಸುತ್ತು ಜಾಸ್ತಿ ಮಾಡಿದ್ರೆ ಒಳ್ಳೇದಾ, ಕೆಟ್ಟದ್ದಾ?

ಎರಡು ದಿನ ಒಂದೇ ಕಡೆ ಸಿಕ್ಕಾಕೊಂಡಿದ್ದೆ, ಈಗ ಬಿಡಿಸ್ಕೊಂಡಿದೆ, ಮರೆಯೋ ಮುಂಚೆ ಬರೆದಿಡ್ತಿದೀನಿ. ಬಕ್ ಕನ್ವರ್ಟರ್ (ಡಿಸಿ ವೋಲ್ಟೇಜ್ ಇಳಿಸೋ ಸರ್ಕ್ಯೂಟ್) ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿರೋರಿಗೆ ಇದು.

ಲೆಕ್ಕ ಹೀಗಿದೆ: 12 ವೋಲ್ಟ್‌ನಿಂದ 5 ವೋಲ್ಟ್, ಲೋಡ್ 3 ಆಂಪ್, 100 ಕಿಲೋಹರ್ಟ್ಸ್, ಇಂಡಕ್ಟರ್ 49 ಮೈಕ್ರೋಹೆನ್ರಿ. ರಿಪಲ್ (ಕರೆಂಟ್‌ನ ಏರಿಳಿತ) ಸುಮಾರು 0.6 ಆಂಪ್, ಅದರಲ್ಲಿ ಅರ್ಧ ಸೇರಿಸಿದ್ರೆ ಪೀಕ್ 3.3 ಆಂಪ್. ಸ್ಯಾಚುರೇಶನ್‌ಗೆ ಯಾವಾಗ್ಲೂ ಈ ಪೀಕನ್ನೇ ನೋಡಬೇಕು, ಸರಾಸರಿ ಅಲ್ಲ.

ಸ್ಯಾಚುರೇಶನ್‌ನಲ್ಲಿ ಕೋರ್ ತುಂಬಿಹೋಯ್ತು ಅಂದ್ರೆ ಕರೆಂಟ್ ಏರಿಸಿದ್ರೂ ಫ್ಲಕ್ಸ್ ಅಷ್ಟಾಗಿ ಏರಲ್ಲ, ಇಂಡಕ್ಟೆನ್ಸ್ ಕುಸಿಯುತ್ತೆ. ಕರೆಂಟ್ ಏರೋ ವೇಗ ಅಂದ್ರೆ ವೋಲ್ಟೇಜನ್ನ ಇಂಡಕ್ಟೆನ್ಸ್‌ನಿಂದ ಭಾಗಿಸಿದ್ದು, ಹಾಗಾಗಿ ಅದೇ ಪಲ್ಸ್ ಒಳಗೇ ಕರೆಂಟ್ ಜಿಗಿದು ಸ್ವಿಚ್ ಆಗಿರೋ ಮಾಸ್‌ಫೆಟ್‌ಗೆ ಕುತ್ತು ಬರುತ್ತೆ.

ಈಗ ನಾನು ಎಡವಿದ್ದು ಎಲ್ಲಿ ಅಂತ ಹೇಳ್ತೀನಿ. ಸೂತ್ರ: ಬಿ = ಎಲ್ × ಐ ÷ (ಎನ್ × ಎ). ಬಿ ಅಂದ್ರೆ ಕೋರ್‌ನ ಫ್ಲಕ್ಸ್ ಸಾಂದ್ರತೆ, ಎಲ್ ಇಂಡಕ್ಟೆನ್ಸ್, ಐ ಪೀಕ್ ಕರೆಂಟ್, ಎನ್ ಸುತ್ತಿನ ಸಂಖ್ಯೆ, ಎ ಕೋರ್‌ನ ಅಡ್ಡಕೊಯ್ತದ ವಿಸ್ತೀರ್ಣ. ಎನ್ ಕೆಳಗಿದೆ, ಅಂದ್ರೆ ಸುತ್ತು ಜಾಸ್ತಿ ಮಾಡಿದ್ರೆ ಬಿ ಕಮ್ಮಿ ಆಗಬೇಕಲ್ವಾ? ಟ್ರಾನ್ಸ್‌ಫಾರ್ಮರ್‌ನಲ್ಲೂ ಹಾಗೇ ಓದಿದ್ವಿ. ಆದ್ರೆ ಸುತ್ತು ಜಾಸ್ತಿ ಮಾಡಿದಾಗ ಎಲ್ ಸುಮ್ನೆ ಕೂತಿರಲ್ಲ, ಅದು ಎನ್ ವರ್ಗದಷ್ಟು ಏರುತ್ತೆ! ಕೆಳಗೆ ಒಂದು ಎನ್, ಮೇಲೆ ಎರಡು ಎನ್, ಹೊಡೆದಾಕಿದ್ರೆ ಮೇಲೆ ಒಂದು ಉಳೀತು. ಅಂದ್ರೆ ಗ್ಯಾಪ್ (ಕೋರ್‌ನ ದಾರಿಯಲ್ಲಿ ಬಿಡೋ ಸಣ್ಣ ಸಂದು) ಮುಟ್ಟದೆ ಸುತ್ತು ಮಾತ್ರ ಹೆಚ್ಚಿಸಿದ್ರೆ ಬಿ ಜಾಸ್ತಿನೇ ಆಗುತ್ತೆ.

ಅಂಕಿ ಹಾಕಿ ನೋಡಿದ ಮೇಲೇ ನನಗೆ ನಂಬಿಕೆ ಬಂದಿದ್ದು. ಇ25 ಫೆರೈಟ್ ಕೋರ್, ವಿಸ್ತೀರ್ಣ 52 ಚದರ ಮಿಲಿಮೀಟರ್. ಗ್ಯಾಪ್ ಕೊಟ್ಟು ಎಎಲ್ (ಒಂದು ಸುತ್ತಿಗೆ ಬರೋ ಇಂಡಕ್ಟೆನ್ಸ್; ಇದನ್ನ ಎನ್ ವರ್ಗದಿಂದ ಗುಣಿಸಿದ್ರೆ ಎಲ್) 250 ನ್ಯಾನೋಹೆನ್ರಿ ಮಾಡ್ಕೊಂಡು 14 ಸುತ್ತು ಹಾಕಿದ್ರೆ 49 ಮೈಕ್ರೋಹೆನ್ರಿ, ಬಿ 0.22 ಟೆಸ್ಲಾ. ಅದೇ ಗ್ಯಾಪ್‌ನಲ್ಲಿ 28 ಸುತ್ತು ಹಾಕಿದ್ರೆ ರಿಪಲ್ ಇಳಿದು ಪೀಕ್ 3.1 ಆಂಪ್‌ಗೆ ಬಂದ್ರೂ ಬಿ 0.41! ಇನ್ನೊಂದು ಕಡೆ ಗ್ಯಾಪೇ ಇಲ್ದೆ, ಎಎಲ್ ಸುಮಾರು 2000 ಇದ್ದಾಗ, ಬರೀ 5 ಸುತ್ತಿಗೆ 50 ಮೈಕ್ರೋಹೆನ್ರಿ ಬಂದುಬಿಡುತ್ತೆ, ಆದ್ರೆ ಬಿ 0.63 ಅಂತ ಲೆಕ್ಕ ಬರುತ್ತೆ, ಅಷ್ಟನ್ನ ಯಾವ ಪವರ್ ಫೆರೈಟೂ ತಡ್ಕೊಳಲ್ಲ. ಎಲ್ ಅಷ್ಟೇ ಇಟ್ಕೊಂಡು, ಗ್ಯಾಪೂ ಸುತ್ತೂ ಎರಡನ್ನೂ ಜೊತೆಗೆ ಹೆಚ್ಚಿಸಿದ್ರೆ ಮಾತ್ರ ಬಿ ಇಳಿಯುತ್ತೆ. ಹಾಗಾಗಿ "ಸುತ್ತು ಜಾಸ್ತಿ ಮಾಡು" ಅಂತ ಯಾರಾದ್ರೂ ಹೇಳಿದ್ರೆ ಮೊದ್ಲು ಕೇಳಬೇಕಾದ್ದು, ಬದಲಾಗದೆ ಇರೋದು ಯಾವುದು, ಗ್ಯಾಪಾ, ಇಂಡಕ್ಟೆನ್ಸಾ, ಇಲ್ಲಾ ಟ್ರಾನ್ಸ್‌ಫಾರ್ಮರ್ ಥರ ವೋಲ್ಟ್-ಸೆಕೆಂಡಾ (ವೋಲ್ಟೇಜ್ × ಸಮಯ)?

ಈಗ ನಾನು ಎಲ್ ಮರೆತು ನೇರವಾಗಿ ಬಿ = ಎಎಲ್ × ಎನ್ × ಐ ÷ ಎ ಅಂತಾನೇ ಹಾಕ್ತೀನಿ, ಇದ್ರಲ್ಲಿ ಗೊಂದಲಕ್ಕೆ ಜಾಗಾನೇ ಇಲ್ಲ.

ಮಿತಿ ಎಷ್ಟು? ಪವರ್ ಫೆರೈಟ್ ತಣ್ಣಗಿದ್ದಾಗ 0.45ರಿಂದ 0.5 ಟೆಸ್ಲಾ ತಡೆದ್ರೂ 100 ಡಿಗ್ರಿಲಿ ಸುಮಾರು 0.35-0.4ಕ್ಕೆ ಇಳಿಯುತ್ತೆ, ಅದಕ್ಕೇ 0.3 ದಾಟಬಾರದು ಅಂತ ಇಟ್ಕೊಂಡಿದೀನಿ. ಇದನ್ನ ಲೋಡ್ ಕರೆಂಟ್‌ಗಲ್ಲ, ಕಂಟ್ರೋಲರ್‌ನ ಕರೆಂಟ್ ಲಿಮಿಟ್‌ಗೆ ಹೋಲಿಸಿ ನೋಡಿ, ಸ್ಟಾರ್ಟಪ್ ಮತ್ತು ಶಾರ್ಟ್ ಆದಾಗ ಕರೆಂಟ್ ಅಲ್ಲೀವರೆಗೂ ಹೋಗುತ್ತೆ. ಮೇಲಿನ 14 ಸುತ್ತಿಗೆ 4.5 ಆಂಪ್ ಲಿಮಿಟ್ ಇಟ್ರೆ ಸರಿಯಾಗಿ 0.3.

ರೆಡಿ ಇಂಡಕ್ಟರ್ ತಗೊಳೋದಾದ್ರೆ ಡೇಟಾಶೀಟ್‌ನ ಸ್ಯಾಚುರೇಶನ್ ಕರೆಂಟ್ ಇಂಡಕ್ಟೆನ್ಸ್‌ನ ಎಷ್ಟು ಶೇಕಡಾ ಕುಸಿತಕ್ಕೆ ಕೊಟ್ಟಿದ್ದು ಅಂತ ನೋಡಿ, ಒಬ್ಬರು 10 ಅಂತಾರೆ, ಇನ್ನೊಬ್ಬರು 30. ಐರನ್ ಪೌಡರ್ ಕೋರ್‌ನಲ್ಲಿ ಇಂಡಕ್ಟೆನ್ಸ್ ನಿಧಾನಕ್ಕೆ ಇಳಿಯುತ್ತೆ, ಫೆರೈಟ್ ಒಂದೇ ಸಲ ಕೈಬಿಡುತ್ತೆ. ಸ್ಕೋಪ್‌ನಲ್ಲಿ ಕರೆಂಟ್ ಪ್ರೋಬ್ ಹಾಕಿದಾಗ ತ್ರಿಕೋನದ ತುದಿ ನೇರ ಹೋಗದೆ ಮೇಲಕ್ಕೆ ಬಾಗಿದ್ರೆ ಅದೇ ಸ್ಯಾಚುರೇಶನ್, ಕೋರ್ ಬಿಸಿ ಆದ ಮೇಲೂ ಒಂದ್ಸಲ ನೋಡಿ.

ಗ್ಯಾಪ್ ಬಗ್ಗೆ ಒಂದು ಮಾತು: 250ರ ಎಎಲ್‌ಗೆ ಒಟ್ಟು ಸುಮಾರು ಕಾಲು ಮಿಲಿಮೀಟರ್ ಗ್ಯಾಪ್ ಬೇಕು. ಪೇಪರ್ ಇಟ್ಟು ಮಾಡ್ತೀರಾ ಅಂದ್ರೆ ಇ ಆಕಾರದ ಕೋರ್‌ನ ಮೂರೂ ಕಾಲುಗಳ ಮಧ್ಯೆ ಪೇಪರ್ ಬರುತ್ತೆ, ಫ್ಲಕ್ಸ್ ಅದನ್ನ ಎರಡು ಸಲ ದಾಟಬೇಕು, ಅದಕ್ಕೆ ಪೇಪರ್ ದಪ್ಪ ಅರ್ಧ ಸಾಕು. ಆಮೇಲೆ ಎಲ್‌ಸಿಆರ್ ಮೀಟರ್‌ನಲ್ಲಿ (ಇಂಡಕ್ಟೆನ್ಸ್ ಅಳೆಯೋ ಮೀಟರ್) 49 ಮೈಕ್ರೋಹೆನ್ರಿ ಹತ್ರ ಬರೋವರೆಗೂ ಪೇಪರ್ ಬದಲಾಯಿಸ್ತಾ ಹೋಗಿ.