ರಸ್ತೆ ಪಕ್ಕದ ಹತ್ತು ಮೀಟರ್

ಪಾಂಡವಪುರದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲೆ ಮೊಪೆಡ್‌ನಲ್ಲಿ ಹೋಗುವವರನ್ನು ನೋಡಿದ್ದೀರಾ? ಹಿಂದೆ ಒಂದು ಹೊರೆ ಹಸಿ ಹುಲ್ಲು, ಮುಂದೆ ಕಾಲಿನ ಹತ್ತಿರ ಹಾಲಿನ ಕ್ಯಾನು, ಬಾಯಲ್ಲಿ ಎಲೆ ಅಡಿಕೆ. ವೇಗ ಇಪ್ಪತ್ತು ದಾಟುವುದಿಲ್ಲ. ಎದುರಿಗೆ ಸಿಕ್ಕವರನ್ನೆಲ್ಲ ಗಾಡಿ ನಿಲ್ಲಿಸದೆ ಮಾತಾಡಿಸಿಕೊಂಡು ಹೋಗುತ್ತಾರೆ. ಯಾರ ಗದ್ದೆಗೆ ನಾಟಿ ಆಯಿತು, ಯಾರ ತೆಂಗಿಗೆ ನುಸಿ ಬಿತ್ತು, ಎಲ್ಲ ಅವರಿಗೆ ಗೊತ್ತು. ಅದೇ ದಾರಿಯಲ್ಲಿ ವರ್ಷಗಟ್ಟಲೆ ಕಾರಿನಲ್ಲಿ ಓಡಾಡಿದ ನನಗೆ ಗೊತ್ತಿದ್ದದ್ದು ರಸ್ತೆಯ ಗುಂಡಿಗಳು ಮಾತ್ರ.

ಒಂದು ಸಲ ಕಾರು ಗ್ಯಾರೇಜಿಗೆ ಹೋಗಿತ್ತು. ಅಣ್ಣನ ಹಳೇ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಹೊರಟೆ. ನಾಲೆಯ ಪಕ್ಕ ಒಂದು ಈಚಲ ಮರ, ಅದರ ತುಂಬ ಗೀಜಗನ ಗೂಡು. ಎಣಿಸಿದರೆ ಹದಿನೇಳು. ಕೆಲವು ಇನ್ನೂ ಹಸಿರು, ಕೆಲವು ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಒಂದು ಗಂಡು ಹಕ್ಕಿ ಎಳೆಯೊಂದನ್ನು ಕೊಕ್ಕಿನಲ್ಲಿ ಹಿಡಿದು ತಲೆಕೆಳಗಾಗಿ ನೇತಾಡುತ್ತಾ ಹೆಣೆಯುತ್ತಿತ್ತು. ಆ ಮರ ಅಲ್ಲಿ ಹೊಸದಾಗಿ ಹುಟ್ಟಿದ್ದೇನಲ್ಲ. ಹಾಗಾದರೆ ಇಷ್ಟು ವರ್ಷ ನನ್ನ ಕಣ್ಣಿಗೇಕೆ ಬೀಳಲಿಲ್ಲ?

ಇದಕ್ಕೆ ಒಂದು ಲೆಕ್ಕ ಇದೆ. ಮೊದಲು ಸಣ್ಣದೊಂದು ಪ್ರಯೋಗ ಮಾಡಿ. ತೋರುಬೆರಳನ್ನು ಮುಖದ ಮುಂದೆ ಹಿಡಿದು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಕಣ್ಣು ಬೆಣ್ಣೆಯಂತೆ ಅದರ ಹಿಂದೆ ಜಾರುತ್ತದೆ, ಉಗುರಿನ ಗೆರೆ ಕೂಡ ಕಾಣುತ್ತದೆ. ಈಗ ಜೋರಾಗಿ ಆಡಿಸಿ. ಕಣ್ಣು ಹಿಂದೆ ಬೀಳುತ್ತದೆ, ಜಿಗಿದು ಹಿಡಿಯಲು ನೋಡುತ್ತದೆ, ಅಷ್ಟರಲ್ಲಿ ಬೆರಳು ಬರೀ ಮಸುಕು. ನಮ್ಮ ಕಣ್ಣು ಒಂದು ವಸ್ತುವನ್ನು ಬಿಡದೆ ಹಿಂಬಾಲಿಸಲು ಮಿತಿಯಿದೆ. ಸೆಕೆಂಡಿಗೆ ಮೂವತ್ತು ಡಿಗ್ರಿವರೆಗೆ ಆರಾಮ. ನೂರು ಡಿಗ್ರಿ ಹತ್ತಿರ ಬಂದರೆ ಕಣ್ಣು ಸೋಲುತ್ತದೆ.

ರಸ್ತೆ ಪಕ್ಕದ ವಸ್ತು ನಮ್ಮ ಕಣ್ಣಿನ ಮುಂದೆ ಎಷ್ಟು ಬೇಗ ಹಾದುಹೋಗುತ್ತದೆ ಅನ್ನುವುದು ಎರಡರ ಮೇಲೆ ನಿಂತಿದೆ: ನಮ್ಮ ವೇಗ, ಅದು ಇರುವ ದೂರ. ವೇಗವನ್ನು ದೂರದಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಗಂಟೆಗೆ 15 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 4.2 ಮೀಟರ್. ಮೂರು ಮೀಟರ್ ಆಚೆ ಬೇಲಿಯ ಬುಡದಲ್ಲಿ ಒಂದು ತುಂಬೆ ಗಿಡ ಇದೆ ಅಂದುಕೊಳ್ಳಿ. ನೀವು ಅದರ ಪಕ್ಕ ಹಾಯುವಾಗ ಅದು ಸೆಕೆಂಡಿಗೆ ಸುಮಾರು 80 ಡಿಗ್ರಿ ವೇಗದಲ್ಲಿ ಸರಿಯುತ್ತದೆ. ಕಣ್ಣಿಗೆ ಸ್ವಲ್ಪ ಶ್ರಮ, ಆದರೂ ಬಿಳಿ ಹೂವು ಬಿಳಿ ಹೂವಾಗಿ ಕಾಣುತ್ತದೆ. ಅದೇ 60ರಲ್ಲಿ ಹೋದರೆ 320 ಡಿಗ್ರಿ. ಅಲ್ಲೊಂದು ಗಿಡ ಇತ್ತು ಅನ್ನುವುದೂ ಗೊತ್ತಾಗುವುದಿಲ್ಲ.

ಇನ್ನೊಂದು ಥರ ಹೇಳುತ್ತೇನೆ. ನೂರು ಡಿಗ್ರಿಯನ್ನು ಗಡಿ ಅಂತ ಇಟ್ಟುಕೊಂಡರೆ, 15ರ ವೇಗದಲ್ಲಿ ನಮ್ಮ ಪಕ್ಕದ ಎರಡೂವರೆ ಮೀಟರ್ ಪಟ್ಟಿ ಮಾತ್ರ ಮಸುಕಾಗುತ್ತದೆ. ಅದು ಹೆಚ್ಚಿನಂಶ ಟಾರು ಮತ್ತು ಮಣ್ಣಂಚು. 60ರಲ್ಲಿ ಆ ಪಟ್ಟಿ ಹೆಚ್ಚುಕಡಿಮೆ ಹತ್ತು ಮೀಟರ್ ಅಗಲ. ಈಗ ಯೋಚಿಸಿ, ನಮ್ಮ ಹಳ್ಳಿ ರಸ್ತೆಗಳ ಪಕ್ಕ ಆ ಹತ್ತು ಮೀಟರಿನಲ್ಲಿ ಏನೇನಿರುತ್ತದೆ? ಬೇಲಿ, ತೂಬು, ಕರೆಂಟು ಕಂಬದ ತಂತಿಯ ಮೇಲಿನ ಮಿಂಚುಳ್ಳಿ, ಕಲ್ಲಿನ ಮೇಲೆ ಬಟ್ಟೆ ಒಗೆಯುವವರು, ಮಾರಮ್ಮನ ಗುಡಿ, ಜಗಲಿಯ ಮೇಲೆ ಕೂತ ಅಜ್ಜಿ. ಊರು ಅನ್ನುವುದೇ ಅಷ್ಟು. ವೇಗ ಮೊದಲು ತಿನ್ನುವುದು ಅದನ್ನೇ. ದೂರದ ಬೆಟ್ಟವನ್ನು ಅದು ಮುಟ್ಟುವುದಿಲ್ಲ. ಕುಂತಿಬೆಟ್ಟ ಕಾರಿನಲ್ಲಿ ಹೋದರೂ ಕಾಣುತ್ತದೆ, ಸೈಕಲ್ಲಿನಲ್ಲಿ ಹೋದರೂ ಅಷ್ಟೇ ಚೆನ್ನಾಗಿ ಕಾಣುತ್ತದೆ, ಎಷ್ಟು ಹೊತ್ತಾದರೂ ಜೊತೆಗೇ ಬರುತ್ತದೆ. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಲ್ಲಿ ಮರಗಳು ಹಿಂದಕ್ಕೆ ಓಡುತ್ತಿದ್ದವು, ಚಂದ್ರ ಮಾತ್ರ ನಮ್ಮ ಜೊತೆ ಓಡಿ ಬರುತ್ತಿದ್ದ, ನೆನಪಿದೆಯಾ? ಅದೇ ಲೆಕ್ಕ.

ಸರಿ, 15ರಲ್ಲೇ ಯಾಕೆ? ಹತ್ತರಲ್ಲಿ ಹೋದರೆ ಇನ್ನೂ ಜಾಸ್ತಿ ಕಾಣಬಹುದಲ್ವಾ? ಕಾಣುತ್ತದೆ. ಆದರೆ ಸೈಕಲ್ಲಿಗೂ ತನ್ನದೇ ಇಷ್ಟಾನಿಷ್ಟ ಇದೆ.

ಶಾಲೆಯ ಸ್ಪೋರ್ಟ್ಸ್ ಡೇಗೆ ಸ್ಲೋ ಸೈಕಲ್ ರೇಸ್ ಇರುತ್ತಿತ್ತು. ಕೊನೆಗೆ ಬಂದವನಿಗೆ ಬಹುಮಾನ. ಬೇರೆ ಎಲ್ಲ ಓಟಗಳಲ್ಲೂ ಕೊನೆಗೆ ಬರುತ್ತಿದ್ದ ನಾನು ಇದರಲ್ಲಾದರೂ ಗೆಲ್ಲುತ್ತೇನೆ ಅಂದುಕೊಂಡರೆ, ಅರ್ಧ ದಾರಿಗೇ ಕಾಲು ನೆಲಕ್ಕೆ ಊರಿ ಔಟ್. ಸೈಕಲ್ ಕಲಿಸುವಾಗ ಅಣ್ಣ ಹೇಳಿದ್ದು ಒಂದೇ ಮಾತು, 'ಯಾವ ಕಡೆ ಬೀಳ್ತೀಯೋ ಆ ಕಡೆಗೇ ಹ್ಯಾಂಡಲ್ ತಿರುಗ್ಸು'. ಕೇಳಿದರೆ ತಲೆಕೆಟ್ಟ ಸಲಹೆ ಅನ್ನಿಸುತ್ತದೆ. ಆದರೆ ಸೈಕಲ್ಲು ನಿಂತಿರುವುದೇ ಅದರ ಮೇಲೆ. ಎಡಕ್ಕೆ ವಾಲಿದಾಗ ಎಡಕ್ಕೆ ತಿರುಗಿಸಿದರೆ ಚಕ್ರಗಳು ಸರಿದು ಮತ್ತೆ ನಮ್ಮ ಭಾರದ ಅಡಿಗೆ ಬರುತ್ತವೆ. ಅಂಗೈ ಮೇಲೆ ಪೊರಕೆ ನಿಲ್ಲಿಸುವ ಹಾಗೆ. ವೇಗ ಇದ್ದರೆ ಹ್ಯಾಂಡಲ್ ಒಂದು ಕೂದಲೆಳೆ ತಿರುಗಿದರೆ ಸಾಕು. ನಿಧಾನವಾದಷ್ಟೂ ಜಾಸ್ತಿ ತಿರುಗಿಸಬೇಕು. ಅದಕ್ಕೇ ಸ್ಲೋ ರೇಸಿನ ಹುಡುಗರು ಕುಡಿದವರ ಹಾಗೆ ತೂರಾಡುವುದು.

ಸೈಕಲ್ಲು ಬೀಳದಿರುವುದಕ್ಕೆ ತಿರುಗುವ ಚಕ್ರವೇ ಕಾರಣ, ಬುಗುರಿಯ ಥರ, ಅಂತ ನಾವು ಓದಿದ್ದೆವು. ಅಷ್ಟೇ ಅಲ್ಲ ಅಂತ 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಬುಗುರಿಯ ಗುಣವನ್ನು ಪೂರ್ತಿ ರದ್ದು ಮಾಡುವಂಥ ಒಂದು ವಿಚಿತ್ರ ಸೈಕಲ್ ಕಟ್ಟಿ, ಸವಾರನಿಲ್ಲದೆ ತಳ್ಳಿ ಬಿಟ್ಟರು. ಅದೂ ಬೀಳದೆ ಓಡಿತು! ತೂಕ ಎಲ್ಲಿ ಕೂತಿದೆ, ಮುಂದಿನ ಚಕ್ರ ತಾನಾಗೇ ಹೇಗೆ ತಿರುಗುತ್ತದೆ ಅನ್ನುವುದೆಲ್ಲ ಸೇರಿ ಈ ಆಟ ನಡೆಯುತ್ತದೆ. ಇದಕ್ಕೂ ಮೊದಲು, 2007ರಲ್ಲಿ, ಒಂದು ಮಾದರಿ ಸೈಕಲ್ಲಿನ ಗಣಿತ ಪ್ರಕಟವಾಗಿತ್ತು. ಸವಾರ ಹ್ಯಾಂಡಲ್ ಮುಟ್ಟದಿದ್ದರೂ ಅದು ತಾನಾಗೇ ನಿಲ್ಲಬಲ್ಲ ವೇಗ ಸೆಕೆಂಡಿಗೆ 4.3ರಿಂದ 6 ಮೀಟರ್. ನಮ್ಮ ಭಾಷೆಯಲ್ಲಿ ಗಂಟೆಗೆ ಸುಮಾರು 15ರಿಂದ 22 ಕಿಲೋಮೀಟರ್. ಎಲ್ಲ ಸೈಕಲ್ಲಿಗೂ ಇದೇ ಸಂಖ್ಯೆ ಅಂತಲ್ಲ. ಆದರೂ ಹಾಲಿನ ಕ್ಯಾನಿನವರು ಯಾವ ಸಂಶೋಧನಾ ಪೇಪರೂ ಓದದೆ ಆ ವೇಗಕ್ಕೇ ಬಂದು ನಿಂತಿದ್ದಾರೆ ಅನ್ನುವುದು ನನಗೆ ಖುಷಿ ಕೊಡುವ ವಿಷಯ.

ಆ ವೇಗಕ್ಕೆ ಮೈ ಕೂಡ ಒಪ್ಪುತ್ತದೆ. ಮಾಮೂಲಿ ಸೈಕಲ್ಲಿನಲ್ಲಿ ಸಮತಟ್ಟು ರಸ್ತೆಯಲ್ಲಿ 15ರಲ್ಲಿ ಹೋಗಲು ಸುಮಾರು 55 ವ್ಯಾಟ್ ಬೇಕು. ಹಳೇ ಕಾಲದ ಒಂದು ಬಲ್ಬು ಉರಿಸುವಷ್ಟು. 30ರಲ್ಲಿ ಹೋಗಬೇಕಾದರೆ 250 ವ್ಯಾಟ್! ವೇಗ ಎರಡರಷ್ಟು, ಶ್ರಮ ನಾಲ್ಕೂವರೆ ಪಟ್ಟು. ಎದುರು ಗಾಳಿಯ ತಡೆ ವೇಗದ ವರ್ಗಕ್ಕೆ ಏರುತ್ತದೆ, ಆ ತಡೆಯನ್ನು ತಳ್ಳುವ ಶಕ್ತಿ ಘನಕ್ಕೆ ಏರುತ್ತದೆ. ಸ್ಕೂಟರಿಗೂ ಇದೇ ನಿಯಮ. ನಲವತ್ತರ ಆಸುಪಾಸಿನಲ್ಲಿ ಮೈಲೇಜ್ ಜಾಸ್ತಿ, ಅರವತ್ತರಲ್ಲಿ ಕಡಿಮೆ. 1972ರಲ್ಲಿ ಲೂನಾ ಬಂತು, 1980ರಲ್ಲಿ ಪಕ್ಕದ ಹೊಸೂರಿನಿಂದ ಟಿವಿಎಸ್ 50 ಬಂತು. ಎರಡಕ್ಕೂ 50 ಸಿಸಿಯ ಪುಟಾಣಿ ಎಂಜಿನ್. ಅಷ್ಟು ಸಣ್ಣ ಎಂಜಿನ್ನಿಗೆ ಇಡೀ ಸಂಸಾರ ಹೊರಲು ಸಾಧ್ಯವಾಗಿದ್ದು ಯಾರೂ ಅದನ್ನು ಓಡಿಸದೆ, ಸುಮ್ನೆ ಸಾಗಲು ಬಿಟ್ಟಿದ್ದರಿಂದ.

ಸೈಕಲ್ಲಿಗೆ ಗಾಳಿಗಿಂತ ದೊಡ್ಡ ಶತ್ರು ಏರು. ನೂರು ಮೀಟರಿಗೆ ಒಂದೇ ಮೀಟರ್ ಏರಿದರೂ 15ರ ವೇಗಕ್ಕೆ ಇನ್ನೂ ಸುಮಾರು 35 ವ್ಯಾಟ್ ಕೂಡಿಸಬೇಕು. ಕಣ್ಣಿಗೆ ಅದು ಏರು ಅಂತ ಕಾಣುವುದೂ ಇಲ್ಲ, ತೊಡೆಗೆ ಮಾತ್ರ ಗೊತ್ತಾಗುತ್ತದೆ. ನಾಲೆ ಏರಿ ಇಷ್ಟವಾಗುವುದು ಇಲ್ಲೇ. ನೀರಾವರಿ ನಾಲೆಗೆ ಇಳಿಜಾರು ಬೇಕು, ಆದರೆ ತೀರಾ ಕಡಿಮೆ. ಜಾಸ್ತಿಯಾದರೆ ನೀರು ದಡ ಕೊರೆಯುತ್ತದೆ. ಹಾಗಾಗಿ ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ ಮೊಣಕಾಲುದ್ದವೂ ಇಳಿಯುವುದಿಲ್ಲ. ಕನ್ನಂಬಾಡಿಯಿಂದ ಹೊರಟ ಈ ನಾಲೆ, ಮೊದಲು ಇರ್ವಿನ್ ನಾಲೆ ಅನ್ನುತ್ತಿದ್ದರು, ನೆಲದ ಮಟ್ಟ ಹುಡುಕಿಕೊಂಡು ಸುತ್ತಿ ಬಳಸಿ ಹೋಗುತ್ತದೆ. ಹುಲಿಕೆರೆಯಲ್ಲಿ ಗುಡ್ಡ ಅಡ್ಡ ಬಂತು. ನೀರು ಹತ್ತುವುದಿಲ್ಲವಲ್ಲ, ಸುರಂಗ ಕೊರೆದರು. ನೀರಿಗಾಗಿ ಎಂಜಿನಿಯರುಗಳು ಪಟ್ಟ ಕಷ್ಟದ ಲಾಭ ಇವತ್ತು ಸೈಕಲ್ಲಿನವರಿಗೆ. ಒಂದು ಎಚ್ಚರ ಮಾತ್ರ: ಎಷ್ಟೋ ಕಡೆ ತಡೆಗೋಡೆ ಇಲ್ಲ. ನೀರಿನ ಅಂಚು ಬಿಟ್ಟು ಹೋಗಿ. ಸ್ಕೂಟರಾದರೆ ಎಷ್ಟೇ ನಿಧಾನ ಹೋದರೂ ಹೆಲ್ಮೆಟ್ ಇರಲಿ.

ಕಿವಿಯ ವಿಷಯ ಬೇಗ ಮುಗಿಸುತ್ತೇನೆ. ಕಿವಿಯ ಸುತ್ತ ಸುಳಿಯುವ ಗಾಳಿಯ ಸದ್ದು ವೇಗದ ಐದಾರನೇ ಘಾತಕ್ಕೆ ಏರುತ್ತದೆ. ವೇಗ ಎರಡರಷ್ಟಾದರೆ ಸದ್ದಿನ ತೀವ್ರತೆ ಮೂವತ್ತರಿಂದ ಅರವತ್ತು ಪಟ್ಟು. ನಿಧಾನ ಮಾಡಿದ ಕೂಡಲೇ ತೂಬಿನ ನೀರು, ಪಂಪ್‌ಸೆಟ್ಟು, ಯಾರದೋ ಮನೆಯ ರೇಡಿಯೋ ಎಲ್ಲ ಒಂದೊಂದಾಗಿ ಕೇಳತೊಡಗುವುದು ಇದರಿಂದಲೇ.

ಮೂಗಿನದು ಇನ್ನೂ ಮಜಾ. ಮಂಡ್ಯದ ಕಡೆ ಹೋದವರಿಗೆ ಆಲೆಮನೆಯ ವಾಸನೆ ಗೊತ್ತೇ ಇರುತ್ತದೆ. ರಸ್ತೆಗೆ ಅಡ್ಡವಾಗಿ ಐವತ್ತು ಮೀಟರ್ ಅಗಲಕ್ಕೆ ಆ ವಾಸನೆ ಹಬ್ಬಿದೆ ಅಂದುಕೊಳ್ಳಿ. ಸುಮ್ಮನೆ ಕೂತ ಮನುಷ್ಯ ನಾಲ್ಕು ಸೆಕೆಂಡಿಗೊಂದು ಸಲ ಉಸಿರೆಳೆದುಕೊಳ್ಳುತ್ತಾನೆ. ಸ್ಕೂಟರಿನಲ್ಲಿ 60ರಲ್ಲಿ ಹೋದರೆ ಆ ಐವತ್ತು ಮೀಟರ್ ಮೂರು ಸೆಕೆಂಡಿನಲ್ಲಿ ಮುಗಿಯಿತು. ನೀವು ಆಗ ಉಸಿರು ಬಿಡುತ್ತಿದ್ದರೆ ಆಲೆಮನೆ ಇದ್ದದ್ದೇ ಗೊತ್ತಾಗಲಿಲ್ಲ! 15ರಲ್ಲಿ ಹೋದರೆ ಹನ್ನೆರಡು ಸೆಕೆಂಡ್, ಮೂರು ಉಸಿರು. ಮೊದಲನೆಯದಕ್ಕೆ ಹಸಿ ಕಬ್ಬಿನ ಹಾಲು. ಎರಡನೆಯದಕ್ಕೆ ಒಲೆಯಲ್ಲಿ ಉರಿಯುವ ಕಬ್ಬಿನ ಸಿಪ್ಪೆಯ ಹೊಗೆ. ಮೂರನೆಯದಕ್ಕೆ ಕೊಪ್ಪರಿಗೆಯಲ್ಲಿ ಕುದಿದು ಕೆಂಪಾದ ಪಾಕ. ಮೂರನೇ ಉಸಿರಿಗೆ ನಾನು ಸಾಮಾನ್ಯವಾಗಿ ಬ್ರೇಕ್ ಹಿಡಿದಿರುತ್ತೇನೆ. ಒಳಗೆ ಹೋದರೆ ಬಿಸಿ ಬೆಲ್ಲವನ್ನು ಬಾಳೆಲೆ ಚೂರಿನ ಮೇಲೆ ಹಾಕಿ ಕೊಡುತ್ತಾರೆ, ಇಲ್ಲ ಅಂದವರನ್ನು ನಾನಿನ್ನೂ ನೋಡಿಲ್ಲ.

ಮೊದಲ ಮಳೆಯ ಹೊತ್ತಿಗೆ ಹೋದರೆ ಮಣ್ಣಿನ ವಾಸನೆ ಸಿಗುತ್ತದೆ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಅದಕ್ಕೆ 'ಪೆಟ್ರಿಕೋರ್' ಅಂತ ಹೆಸರಿಟ್ಟರು. ಆ ವಾಸನೆಯಲ್ಲಿ ಮುಖ್ಯವಾದದ್ದು ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗಿಗೆ ಸಿಕ್ಕಿಬೀಳುತ್ತದೆ. ಉತ್ತರ ಪ್ರದೇಶದ ಕನೌಜಿನವರು ಅಷ್ಟರಲ್ಲಾಗಲೇ ಆ ವಾಸನೆಯನ್ನು ಅತ್ತರು ಮಾಡಿ ಸೀಸೆಯಲ್ಲಿ ಮಾರುತ್ತಿದ್ದರು.

ಸಾಯಂಕಾಲ ವಾಪಸ್ಸು ಬರುವಾಗ ಚರ್ಮದ ಸರದಿ. ರಸ್ತೆ ತಗ್ಗಿಗೆ ಇಳಿದು ಗದ್ದೆ ಬಯಲಿಗೆ ಬಂದ ಕೂಡಲೇ ಮೊಣಕೈಗೆ ತಣ್ಣಗೆ ತಾಗುತ್ತದೆ. ಗದ್ದೆಯ ನೀರು ಆವಿಯಾಗುತ್ತಾ ಶಾಖ ಹೀರಿಕೊಂಡಿದೆ. ತಣ್ಣಗಾದ ಗಾಳಿ ಭಾರ ಜಾಸ್ತಿಯಾಗಿ ತಗ್ಗಿನಲ್ಲಿ ಬಂದು ಕೂತಿದೆ. ಮತ್ತೆ ಊರೊಳಗೆ ನುಗ್ಗಿದರೆ ಬೆಚ್ಚಗಿನ ಗೋಡೆಯೊಂದನ್ನು ದಾಟಿದ ಹಾಗೆ. ಕಾಂಕ್ರೀಟು ರಸ್ತೆ, ಗೋಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಈಗ ಬಿಡುತ್ತಿರುತ್ತವೆ. ಕಣ್ಣು ಮುಚ್ಚಿಕೊಂಡಿದ್ದರೂ ಊರು ಬಂತು ಅಂತ ಹೇಳಬಹುದು. (ಗಾಡಿ ಓಡಿಸುವವರು ಮುಚ್ಚಬೇಡಿ, ಹಿಂದೆ ಕೂತವರು ನೋಡಿ.)

ರಾತ್ರಿ ಗಾಳಿಯಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ಎಲ್ಲಕ್ಕಿಂತ ತಣ್ಣಗಿರುವುದು ನೆಲಕ್ಕೆ ತಾಗಿಕೊಂಡ ಗಾಳಿ ಅಂತ ಎಲ್ಲರೂ ನಂಬಿದ್ದರು. 1932ರಲ್ಲಿ ಪುಣೆಯಲ್ಲಿ ಹವಾಮಾನ ವಿಜ್ಞಾನಿ ಎಲ್. ಎ. ರಾಮದಾಸ್ ಅಳೆದು ನೋಡಿದರೆ, ಬರಿ ನೆಲದ ಮೇಲೆ ಅತೀ ತಣ್ಣನೆಯ ಪದರ ಒಂದು ಗೇಣಿನಿಂದ ಒಂದೆರಡು ಅಡಿ ಮೇಲೆ ಇತ್ತು. ಅಳತೆಯೇ ತಪ್ಪಿರಬೇಕು ಅಂತ ಅನುಮಾನ ಪಟ್ಟವರು ಬಹಳ. ತಪ್ಪಿರಲಿಲ್ಲ. ಆರು ದಶಕ ಆದಮೇಲೆ ಬೆಂಗಳೂರಿನಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಜೊತೆಗಾರರು ಅದಕ್ಕೊಂದು ವಿವರಣೆ ಕೊಟ್ಟರು. ನೆಲ ಮತ್ತು ಗಾಳಿ ಶಾಖವನ್ನು ಆಕಾಶಕ್ಕೆ ಹೊರಸೂಸುವ ರೀತಿಯಲ್ಲೇ ಗುಟ್ಟಿದೆ ಅಂತ. ಈಗಲೂ ಅದರ ಮೇಲೆ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಸ್ಕೂಟರಿನ ಫುಟ್‌ಬೋರ್ಡು ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುವುದು ಕಾಕತಾಳೀಯ. ಆದರೂ ರಾತ್ರಿ ಪಾದಕ್ಕೆ ಚಳಿ ಹತ್ತಿದಾಗೆಲ್ಲ ನನಗೆ ರಾಮದಾಸರ ನೆನಪಾಗುತ್ತದೆ.

ಕೊನೆಯ ತಿರುವಿನಲ್ಲಿ ಒಂದು ಹೊಂಗೆ ಮರ ಇದೆ. ಅಲ್ಲಿ ಮೊಪೆಡ್ ಸ್ಟ್ಯಾಂಡ್ ಹಾಕಿ ಎಂಜಿನ್ ಆಫ್ ಮಾಡುತ್ತೇನೆ. ಮೊದಲು ಏನೂ ಕೇಳುವುದಿಲ್ಲ. ಆಮೇಲೆ ಕಾದ ಸೈಲೆನ್ಸರ್ ತಣಿದು ಕುಗ್ಗುತ್ತಾ ಟಿಕ್, ಟಿಕ್ ಅನ್ನುತ್ತದೆ. ಮೊದಮೊದಲು ಬೇಗಬೇಗ, ಬರಬರುತ್ತಾ ಒಂದಕ್ಕೊಂದು ದೂರ. ಅದು ನಿಲ್ಲುವ ಹೊತ್ತಿಗೆ ಗದ್ದೆಯ ಕಪ್ಪೆಗಳು ಶುರು ಮಾಡಿರುತ್ತವೆ.