ಸುಮ್ನೆ ತಿರುಗುವ ಗಾಲಿಗೇ ಬ್ರೇಕ್ ಹಾಕಿ

ಕೆಸರಿನಲ್ಲಿ ಸಿಕ್ಕಿಕೊಂಡ ಗಾಡಿಯ ಪಕ್ಕ ನಿಂತು ನೋಡಿದ್ದೀರಾ? ಒಂದು ಗಾಲಿ ಗಿರಗಿರ ತಿರುಗುತ್ತಾ ಕೆಸರು ಎರಚುತ್ತಿರುತ್ತದೆ. ಅದೇ ಆಕ್ಸಲ್‌ನ ಆಚೆ ಬದಿಯ ಗಾಲಿ ಗಟ್ಟಿ ನೆಲದ ಮೇಲೆ ಕೂತಿರುತ್ತದೆ, ಆದರೂ ಅಲುಗಾಡುವುದಿಲ್ಲ. ಡ್ರೈವರ್ ಎಕ್ಸಲರೇಟರ್ ಇನ್ನಷ್ಟು ಒತ್ತುತ್ತಾರೆ. ತಿರುಗುವ ಗಾಲಿ ಇನ್ನಷ್ಟು ಹೂತುಕೊಳ್ಳುತ್ತದೆ, ಅಷ್ಟೆ.

ಆಫ್‌ರೋಡ್ ಕಲಿಯಲು ಬರುವವರು ಇದನ್ನು ನೋಡಿ ಒಂದು ಮಾತು ಹೇಳುತ್ತಾರೆ: "ಪವರೆಲ್ಲ ಆ ಗಾಲಿಗೇ ಹೋಗ್ತಿದೆ ಸಾರ್, ಈ ಕಡೆ ಬರ್ತಾನೇ ಇಲ್ಲ." ಇದು ಅರ್ಧ ಸರಿ. ವೇಗವೆಲ್ಲ ಆ ಗಾಲಿಗೆ ಹೋಗುತ್ತಿದೆ ನಿಜ. ಆದರೆ ಗಾಲಿಯನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ಎರಡೂ ಕಡೆ ಸಮವಾಗಿಯೇ ಇದೆ. ಡಿಫರೆನ್ಷಿಯಲ್ ಅಂದರೆ ಆಕ್ಸಲ್ ನಡುವೆ ಕೂತು ಎಂಜಿನ್ ಬಲವನ್ನು ಎರಡೂ ಗಾಲಿಗಳಿಗೆ ಹಂಚುವ ಗೇರುಗಳ ಜೋಡಣೆ. ಸಾಧಾರಣ ಗಾಡಿಯಲ್ಲಿರುವ ಓಪನ್ ಡಿಫರೆನ್ಷಿಯಲ್ ತಕ್ಕಡಿ ಇದ್ದ ಹಾಗೆ. ಎಡಕ್ಕೆ ಎಷ್ಟು ಟಾರ್ಕ್ ಕೊಡುತ್ತದೋ ಬಲಕ್ಕೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತದೆ. ಗಾಳಿಯಲ್ಲಿ ತೂಗಾಡುವ ಗಾಲಿಯನ್ನು ತಿರುಗಿಸಲು 20 ನ್ಯೂಟನ್ ಮೀಟರ್ ಸಾಕು ಅನ್ನಿ. ಆಗ ಗಟ್ಟಿ ನೆಲದ ಮೇಲಿರುವ ಗಾಲಿಗೂ ಸಿಗುವುದು 20 ಮಾತ್ರ. ಎಂಜಿನ್ ಎಷ್ಟೇ ದೊಡ್ಡದಿದ್ದರೂ ಪ್ರಯೋಜನವಿಲ್ಲ. ಹಿಡಿತ ಕಡಿಮೆ ಇರುವ ಗಾಲಿಯೇ ಇಬ್ಬರ ಪಾಲನ್ನೂ ತೀರ್ಮಾನ ಮಾಡುತ್ತದೆ.

ಈಗ ಆ ತಿರುಗುವ ಗಾಲಿಗೆ ಮಾತ್ರ ಬ್ರೇಕ್ ಹಾಕಿ, 600 ನ್ಯೂಟನ್ ಮೀಟರ್‌ನಷ್ಟು. ಡಿಫರೆನ್ಷಿಯಲ್‌ಗೆ ಅದು ಬ್ರೇಕ್ ಎಂದು ಗೊತ್ತಿಲ್ಲ. ಆ ಗಾಲಿಗೆ ಹಿಡಿತ ಸಿಕ್ಕಿತು ಅಂದುಕೊಳ್ಳುತ್ತದೆ. ಅದನ್ನು ತಿರುಗಿಸಲು ಈಗ 620 ಬೇಕು, ಹಾಗಾಗಿ ಆಚೆ ಗಾಲಿಗೂ 620 ಹೋಗುತ್ತದೆ. ಗಾಲಿಯ ತ್ರಿಜ್ಯ 35 ಸೆಂಟಿಮೀಟರ್ ಆದರೆ, ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 1770 ನ್ಯೂಟನ್. 1600 ಕೆಜಿ ತೂಕದ ಗಾಡಿ ಹತ್ತಡಿಗೆ ಒಂದಡಿ ಏರುವ ದಿಣ್ಣೆ ಹತ್ತಲು ಸುಮಾರು 1570 ನ್ಯೂಟನ್ ಬೇಕು. ಅಂದರೆ ಒಂದು ಗಾಲಿ ಗಾಳಿಯಲ್ಲಿದ್ದರೂ, ನೆಲ ತೀರಾ ಮೆತ್ತಗಿಲ್ಲದಿದ್ದರೆ ಗಾಡಿ ಮೇಲೇರುತ್ತದೆ. ಎಂಜಿನ್‌ನಿಂದ ಬಂದ ಟಾರ್ಕ್‌ನಲ್ಲಿ ಅರ್ಧ ಬ್ರೇಕ್ ಪಾಲಾಗುತ್ತದೆ. ವೇಗ ತಗ್ಗಿಸಿ ಟಾರ್ಕ್ ಹೆಚ್ಚಿಸುವ ಲೋ ಗೇರ್ ಇದ್ದರೆ ಆ ನಷ್ಟ ಲೆಕ್ಕಕ್ಕಿಲ್ಲ.

ಇಲ್ಲಿ 'ಮಾತ್ರ' ಎಂಬ ಪದವೇ ಮುಖ್ಯ. ಗಾಲಿ ಸ್ಲಿಪ್ ಆದಾಗ ಹ್ಯಾಂಡ್‌ಬ್ರೇಕ್ ಅನ್ನು ಸ್ವಲ್ಪ ಎಳೆಯಿರಿ ಎಂಬ ಸಲಹೆ ನೀವೂ ಕೇಳಿರುತ್ತೀರಿ. ಮೊದಮೊದಲು ನಾನೂ ಅದನ್ನೇ ಹೇಳಿಕೊಡುತ್ತಿದ್ದೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಹ್ಯಾಂಡ್‌ಬ್ರೇಕ್ ಎರಡೂ ಹಿಂದಿನ ಗಾಲಿಗಳನ್ನು ಹಿಡಿಯುತ್ತದೆ. ತಿರುಗುವ ಗಾಲಿಗೆ 600 ಹಾಕಿದರೆ ಆಚೆ ಗಾಲಿಗೆ 620 ಬರುತ್ತದೆ ಸರಿ, ಆದರೆ ಅಲ್ಲಿಯ ಬ್ರೇಕ್ ಅದರಲ್ಲಿ 600 ತಿಂದುಬಿಡುತ್ತದೆ. ಉಳಿಯುವುದು ಮತ್ತದೇ 20. ಡಿಫರೆನ್ಷಿಯಲ್ ಒಳಗಿನ ಗೇರುಗಳ ಉಜ್ಜಾಟದಿಂದ ಚೂರು ಲಾಭ ಸಿಗಬಹುದು. ಗಾಡಿ ಇನ್ನೇನು ಹೊರಬರುವಂತಿದ್ದರೆ ಅಷ್ಟೇ ಸಾಕಾಗುತ್ತದೆ, ಅದಕ್ಕೇ ಈ ಉಪಾಯಕ್ಕೆ ಇಷ್ಟು ಹೆಸರು. ನಿಜವಾಗಿ ಸಿಕ್ಕಿಬಿದ್ದ ಗಾಡಿಗೆ ಅದು ಸಾಲದು.

ಟಾರ್ಸೆನ್ ತರಹದ ಡಿಫರೆನ್ಷಿಯಲ್ ಇದ್ದರೆ ಮಾತು ಬೇರೆ. ಅದು ಕಡಿಮೆ ಹಿಡಿತದ ಕಡೆ ಎಷ್ಟು ಟಾರ್ಕ್ ನಿಲ್ಲುತ್ತದೋ ಅದರ ಕೆಲವು ಪಟ್ಟು ಆಚೆ ಕಳಿಸುತ್ತದೆ. ಮೂರು ಪಟ್ಟು ಅನ್ನಿ. ಗಾಲಿ ಪೂರ್ತಿ ಗಾಳಿಯಲ್ಲಿದ್ದರೆ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಆದರೆ ಕಾಲಿನ ಬ್ರೇಕ್ ಸ್ವಲ್ಪ ಒತ್ತಿ ಎರಡೂ ಕಡೆ 100 ಹಾಕಿದರೆ, ಆಚೆ 300 ಹೋಗುತ್ತದೆ. ಅಲ್ಲಿಯ ಬ್ರೇಕ್ 100 ತಿಂದರೂ 200 ಉಳಿಯುತ್ತದೆ. ಅಮೆರಿಕ ಸೇನೆಯ ಹಂವೀ ಗಾಡಿಯ ಎರಡೂ ಆಕ್ಸಲ್‌ಗಳಲ್ಲಿ ಟಾರ್ಸೆನ್ ಇದೆ. ಬ್ರೇಕ್ ಮತ್ತು ಎಕ್ಸಲರೇಟರ್ ಎರಡನ್ನೂ ಒಟ್ಟಿಗೆ ಒತ್ತುವುದನ್ನು ಅದರ ಡ್ರೈವರ್‌ಗಳಿಗೆ ಕಲಿಸುವುದು ಇದೇ ಕಾರಣಕ್ಕೆ. ನಿಮ್ಮ ಗಾಡಿಯಲ್ಲಿ ಯಾವ ಡಿಫರೆನ್ಷಿಯಲ್ ಇದೆ ಎಂದು ಮೊದಲು ತಿಳಿದುಕೊಳ್ಳಿ.

ಒಂದೊಂದು ಗಾಲಿಗೆ ಬೇರೆ ಬೇರೆ ಬ್ರೇಕ್ ಎಂಬುದು ಹೊಸದೇನಲ್ಲ. ಟ್ರ್ಯಾಕ್ಟರ್ ಓಡಿಸುವವರಿಗೆ ಇದು ದಿನನಿತ್ಯದ ವಿಷಯ. ಎಡಗಾಲಿಗೊಂದು, ಬಲಗಾಲಿಗೊಂದು ಪೆಡಲ್. ಹೊಲದ ಅಂಚಿನಲ್ಲಿ ಒಳಬದಿಯ ಗಾಲಿಯನ್ನು ಹಿಡಿದು ಗಿರಕ್ಕನೆ ತಿರುಗಿಸುತ್ತಾರೆ, ಒಂದು ಗಾಲಿ ಸ್ಲಿಪ್ ಆದರೆ ಅದನ್ನೇ ಹಿಡಿಯುತ್ತಾರೆ. ರಸ್ತೆಗೆ ಬರುವ ಮುಂಚೆ ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಲೇಬೇಕು. ವೇಗದಲ್ಲಿ ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಪಲ್ಟಿಯಾಗುತ್ತದೆ. ದಯವಿಟ್ಟು ಆ ಕೊಂಡಿಯನ್ನು ಮರೆಯಬೇಡಿ.

ಬ್ರಿಟನ್ನಿನಲ್ಲಿ ಕೆಸರಿನ ದಿಣ್ಣೆ ಹತ್ತುವ ಟ್ರಯಲ್ಸ್ ಸ್ಪರ್ಧೆಯ ಕಾರುಗಳಲ್ಲಿ ಇದಕ್ಕೆ ಫಿಡಲ್ ಬ್ರೇಕ್ ಅನ್ನುತ್ತಾರೆ, ಮರಳಿನಲ್ಲಿ ಓಡುವ ಬಗ್ಗಿಗಳಲ್ಲಿ ಕಟಿಂಗ್ ಬ್ರೇಕ್. ಹಿಂದಿನ ಗಾಲಿಗಳಿಗೆ ಹೋಗುವ ಬ್ರೇಕ್ ಪೈಪನ್ನು ಎಡ, ಬಲ ಎಂದು ಬೇರೆ ಮಾಡಿ, ನಡುವೆ ಬ್ರೇಕ್ ಎಣ್ಣೆಗೆ ಒತ್ತಡ ಕೊಡುವ ಚಿಕ್ಕ ಮಾಸ್ಟರ್ ಸಿಲಿಂಡರ್ ಇರುವ ಲಿವರ್‌ಗಳನ್ನು ಕೂರಿಸುತ್ತಾರೆ. ಮರಳಿನ ಬಗ್ಗಿಗಳಲ್ಲಿ ಎಂಜಿನ್ ಹಿಂದಿರುವುದರಿಂದ ಮುಂದಿನ ಗಾಲಿಗಳ ಮೇಲೆ ಭಾರ ಕಡಿಮೆ. ಸ್ಟೀರಿಂಗ್ ತಿರುಗಿಸಿದರೂ ಅವು ಜಾರುತ್ತಾ ನೇರ ಹೋಗುತ್ತವೆ. ಆಗ ಒಳಬದಿಯ ಹಿಂದಿನ ಗಾಲಿಯನ್ನು ಹಿಡಿದರೆ ಗಾಡಿ ಅಲ್ಲೇ ತಿರುಗುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಂತೂ ಇಂಥ ಲಿವರ್ ಹಾಕಿಸಬೇಡಿ. ರಸ್ತೆಯಲ್ಲಿ ಓಡುವ ಬೇರೆ ಗಾಡಿಯಾದರೂ ನಿಮ್ಮಲ್ಲಿಯ ನಿಯಮ ನೋಡದೆ ಬ್ರೇಕ್ ಪೈಪಿಗೆ ಕೈ ಹಾಕಬೇಡಿ.

"ಡಿಫ್ ಲಾಕ್ ಇದ್ದರೆ ಇದೆಲ್ಲ ಯಾಕೆ?" ಎಂದು ಕೇಳುತ್ತಾರೆ. ಡಿಫ್ ಲಾಕ್ ಅಂದರೆ ಡಿಫರೆನ್ಷಿಯಲ್ ಅನ್ನು ಬಿಗಿದು ಎರಡೂ ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ವ್ಯವಸ್ಥೆ. ನೇರ ದಾರಿಯಲ್ಲಿ, ಬಂಡೆಗಳ ಮೇಲೆ, ಲಾಕ್‌ಗೆ ಸಮ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಪಕ್ಕಕ್ಕೆ ವಾಲಿದ ಜಾರು ಇಳಿಜಾರಿನಲ್ಲಿ ನನಗೆ ಬ್ರೇಕೇ ಇಷ್ಟ. ಅಲ್ಲಿ ಭಾರವೆಲ್ಲ ಕೆಳಗಿನ ಗಾಲಿಗಳ ಮೇಲಿರುತ್ತದೆ, ಮೇಲಿನದು ಹಗುರವಾಗಿ ಸ್ಲಿಪ್ ಆಗುತ್ತದೆ. ಲಾಕ್ ಹಾಕಿದರೆ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಹಿಡಿತ ತಪ್ಪಿದಾಗ ಎರಡೂ ಒಟ್ಟಿಗೇ ತಪ್ಪುತ್ತವೆ. ತಿರುಗುತ್ತಾ ಜಾರುವ ಗಾಲಿಗೆ ಪಕ್ಕದ ಹಿಡಿತ ಇರುವುದಿಲ್ಲ, ಗಾಡಿಯ ಹಿಂಭಾಗ ಕೆಳಗೆ ಸರಿಯುತ್ತದೆ. ಪಕ್ಕದಲ್ಲಿ ಕೂತು ಇದನ್ನು ಅನುಭವಿಸಿದ್ದೇನೆ, ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಬ್ರೇಕ್ ಆದರೆ ಮೇಲಿನ ಗಾಲಿಯನ್ನು ನಯವಾಗಿ ಹಿಡಿಯಬಹುದು, ಕೆಳಗಿನದಕ್ಕೆ ಬೇಕಾದಷ್ಟೇ ಕೊಡಬಹುದು. ಜಾಸ್ತಿ ಆಯಿತು ಅನ್ನಿಸಿದರೆ ಲಿವರ್ ಬಿಟ್ಟರೆ ಆಯಿತು.

ಗಾಬರಿಯಲ್ಲಿ ಜನ ತಪ್ಪು ಲಿವರ್ ಎಳೆಯುತ್ತಾರೆ. ಹಿಡಿತ ಇರುವ ಗಾಲಿಗೇ ಬ್ರೇಕ್ ಬೀಳುತ್ತದೆ, ಗಾಡಿ ಇನ್ನಷ್ಟು ಹೂತುಕೊಳ್ಳುತ್ತದೆ. ಅದಕ್ಕೇ ಮೊದಲ ದಿನ ಸಮತಟ್ಟಾದ ನೆಲದಲ್ಲಿ, ಹೊರಗೆ ನಿಂತವರು ಕೈ ತೋರಿಸಿದ ಕಡೆಯ ಲಿವರ್ ಎಳೆಯುವ ಅಭ್ಯಾಸ ಮಾತ್ರ ಮಾಡಿಸುತ್ತೇನೆ.

ಇನ್ನು ಬಿಸಿ. 1000 ನ್ಯೂಟನ್ ಮೀಟರ್ ಬ್ರೇಕ್ ಇರುವ ಗಾಲಿ ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ ಸುಮಾರು 6 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಐದು ಸುತ್ತು ತಿರುಗಿದರೆ 31. ಎಂಟು ಕೆಜಿಯ ಡಿಸ್ಕ್ ಆ ಲೆಕ್ಕದಲ್ಲಿ ಅರ್ಧ ನಿಮಿಷಕ್ಕೆ 200 ಡಿಗ್ರಿಗೂ ಜಾಸ್ತಿ ಏರುತ್ತದೆ. ಆದ್ದರಿಂದ ಗಾಲಿಯನ್ನು ನಿಧಾನ ತಿರುಗಿಸಿ, ಲೋ ಗೇರ್‌ನಲ್ಲಿ. ಒಂದು ಗಾಲಿ ನಿಂತು ಇನ್ನೊಂದು ಜೋರಾಗಿ ತಿರುಗಿದಾಗ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳೂ ತಮ್ಮ ಪಿನ್ ಮೇಲೆ ಓಡುತ್ತವೆ. ಅಲ್ಲಿ ಬೇರಿಂಗ್ ಇರುವುದು ಅಪರೂಪ, ಎಣ್ಣೆಯೊಂದೇ ಕಾಪಾಡಬೇಕು. ನೀಲಿಗಟ್ಟಿ ಕಚ್ಚಿಹೋದ ಪಿನ್‌ಗಳನ್ನು ಬಿಚ್ಚಿ ನೋಡಿದ್ದೇನೆ. ಬ್ರೇಕ್ ಹಾಕಿ ಆ ಓಟವನ್ನು ತಗ್ಗಿಸಿದರೆ ಪಿನ್‌ಗೂ ಒಳ್ಳೆಯದು. ಗಾಳಿಯಲ್ಲಿ ಜೋರಾಗಿ ತಿರುಗುವ ಗಾಲಿ ಥಟ್ಟನೆ ನೆಲ ಹಿಡಿದಾಗಲೇ ಆಕ್ಸಲ್ ಶಾಫ್ಟ್ ಮುರಿಯುವುದು.

ಈಗಿನ ಗಾಡಿಗಳಲ್ಲಿ ಇದೇ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಗಾಲಿಯ ವೇಗ ಅಳೆಯುವ ಎಬಿಎಸ್ ಸೆನ್ಸರ್, ಪೆಡಲ್ ಮುಟ್ಟದೆಯೇ ಒತ್ತಡ ಕೊಡುವ ಪಂಪ್, ಇಷ್ಟಿದ್ದರೆ ಸಾಕು. ಮರ್ಸಿಡಿಸ್ 1997ರಲ್ಲಿ ಎಂ-ಕ್ಲಾಸ್ ತಂದಾಗ ಲಾಕ್ ಬದಲು ಇದನ್ನೇ ನಂಬಿತು. 2018ರ ಸುಜುಕಿ ಜಿಮ್ನಿಯಲ್ಲೂ ಇದೇ ವ್ಯವಸ್ಥೆ ಇದೆ. ಆದರೆ ಕಂಪ್ಯೂಟರ್‌ಗೆ ಗೊತ್ತಾಗಬೇಕಾದರೆ ಗಾಲಿ ಮೊದಲು ಸ್ವಲ್ಪ ಸ್ಲಿಪ್ ಆಗಲೇಬೇಕು. ಆಮೇಲೆ ಕೆಳಗಿನಿಂದ ಟಕಟಕ, ಗರಗರ ಸದ್ದು ಬರುತ್ತದೆ. ಏನೋ ಮುರಿಯಿತು ಅಂದುಕೊಂಡು ಹೆಚ್ಚಿನವರು ಆ ಕ್ಷಣಕ್ಕೇ ಎಕ್ಸಲರೇಟರ್ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಕಾಲು ಅಲುಗಿಸದೆ ಅಷ್ಟರಲ್ಲೇ ಹಿಡಿದಿಡಿ, ಮನಸ್ಸಿನಲ್ಲಿ ಮೂರು ಎಣಿಸಿ. ಎರಡು ಎನ್ನುವಷ್ಟರಲ್ಲಿ ಆಚೆ ಗಾಲಿ ಕಚ್ಚಿಕೊಂಡು ಗಾಡಿ ಮೆಲ್ಲಗೆ ಮುಂದಕ್ಕೆ ಸರಿದಿರುತ್ತದೆ.